ಒಳಗಿನ ಹೋರಾಟವು ಎಲ್ಲಿಂದ ಬಂತು?

(ಮನೆಯಲ್ಲಿಯೂ ಸಭೆಯ ಕೂಟದಲ್ಲಿಯೂ ಓದತಕ್ಕ ಪಾಠ)

ವೇದಭಾಗಗಳು: 1 ಅರಸುಗಳು 19:1-18, ಕೀರ್ತನೆ 32, ಮತ್ತಾಯ 26:69 ರಿಂದ 27:5, ಯಾಕೋಬ 1:12-15, 1 ಯೋಹಾನ 3:19-20 ಮತ್ತು 4:1.



ಹೊಲದಲ್ಲಿ ಜೋಳದ ಎಲೆಗಳು ಹಳದಿಯಾದರೆ ಬುದ್ಧಿಯುಳ್ಳ ಬೇಸಾಯಗಾರನು ಏನು ಮಾಡುತ್ತಾನೆ? ಕಂಡ ಕೂಡಲೆ ಕೈಗೆ ಸಿಕ್ಕಿದ ಮದ್ದನ್ನು ತಂದು ಸುರಿಯುವದಿಲ್ಲ. ಬದುವಿನ ಮೇಲೆ ಕುಳಿತು ನೋಡುತ್ತಾನೆ. ಮಳೆಯ ನೀರು ನಿಂತು ಬೇರು ಕೊಳೆಯಿತೋ, ನೆಲದಲ್ಲಿ ಗೊಬ್ಬರದ ಸಾರವು ಸಾಲದಾಯಿತೋ, ಬೇರಿಗೆ ಹುಳು ಬಿದ್ದಿತೋ ಎಂದು ಒಂದು ಗಿಡವನ್ನು ಕಿತ್ತು ಪರೀಕ್ಷಿಸುತ್ತಾನೆ. ಎಲೆಯ ಬಣ್ಣವು ಒಂದೇಯಾದರೂ ಕಾರಣಗಳು ಬೇರೆ ಬೇರೆ. ನೀರು ನಿಂತ ಹೊಲಕ್ಕೆ ಇನ್ನೂ ನೀರು ಹಾಯಿಸಿದವನು ಬೆಳೆಯನ್ನು ತಾನೇ ಕೊಂದಂತಾಯಿತು.

ಆತ್ಮದ ವಿಷಯದಲ್ಲಿಯಾದರೋ ನಾವು ಇಷ್ಟು ಜಾಣತನವನ್ನು ತೋರಿಸುವದಿಲ್ಲ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದೆ ಹೋದಾಗ, ಕೆಟ್ಟ ಯೋಚನೆಯು ನುಗ್ಗಿದಾಗ, ದೇವರು ನಮ್ಮನ್ನು ಕೈಬಿಟ್ಟನೋ ಎಂಬ ಭಯವು ಹಿಡಿದಾಗ, ಅದು ಎಲ್ಲಿಂದ ಬಂತೆಂದು ವಿಚಾರಿಸದೆ ತೀರ್ಪು ಮಾಡಿಬಿಡುತ್ತೇವೆ. ಇದರಿಂದ ಎಷ್ಟು ಹಾನಿಯಾಗುತ್ತದೆಂಬದಕ್ಕೆ ಒಂದು ಸಂಗತಿಯನ್ನು ಹೇಳುವೆನು.

ಒಂದು ಹಳ್ಳಿಯ ಸಭೆಯಲ್ಲಿ ಮೂರನೆಯ ಮಗುವನ್ನು ಹೆತ್ತ ಒಬ್ಬ ಸಹೋದರಿಯು ಕರ್ತನ ಭೋಜನಕ್ಕೆ ಬರುವದನ್ನು ಬಿಟ್ಟಳು. ಅವಳು ಪ್ರಾರ್ಥನೆಗೆಂದು ಕಣ್ಣು ಮುಚ್ಚಿದ ಕೂಡಲೆ ಕರ್ತನ ವಿರೋಧವಾದ ಅಸಹ್ಯ ಮಾತುಗಳು ಮನಸ್ಸಿನಲ್ಲಿ ಏಳುತ್ತಿದ್ದವು. ಅವಳು ಹೆದರಿ ಯಾರಿಗೂ ಹೇಳದೆ ನಾಲ್ಕು ತಿಂಗಳು ಒಳಗೊಳಗೇ ಬೆಂದಳು. ಕಡೆಗೆ ಸಂಗತಿಯು ಹೊರಬಿದ್ದಾಗ, ಬಿಟ್ಟುಬಂದ ದೇವತೆಯು ಮುನಿದಿದ್ದಾಳೆಂದು ಅತ್ತೆಯು ಅಂದಳು. ಬಚ್ಚಿಟ್ಟ ಪಾಪವೇನಾದರೂ ಇರಬೇಕೆಂದು ಸಭೆಯ ಹಿರಿಯರಲ್ಲೊಬ್ಬರು ಅಂದರು. ದೆವ್ವ ಹಿಡಿದಿದೆ, ಉಪವಾಸ ಹಾಕಿ ಬಿಡಿಸಬೇಕೆಂದು ನೆರೆಯ ಊರಿನಿಂದ ಬಂದವನೊಬ್ಬನು ಅಂದನು. ಮೂರು ಜನರು ಮೂರು ತೀರ್ಪು ಕೊಟ್ಟರು. ಅವಳನ್ನು ಒಂದು ಪ್ರಶ್ನೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಅವಳಿಗೆ ಮುಂದೆ ಏನಾಯಿತೆಂಬದನ್ನು ಪಾಠದ ಕೊನೆಯಲ್ಲಿ ಹೇಳುವೆನು.

ಆತ್ಮಗಳನ್ನು ಪರೀಕ್ಷಿಸದೆ ನಂಬಬಾರದೆಂದು ಅಪೊಸ್ತಲನಾದ ಯೋಹಾನನು ಸಭೆಗೆ ಬರೆದನು (1 ಯೋಹಾನ 4:1). ಸುಳ್ಳು ಬೋಧಕರ ವಿಷಯವಾಗಿ ಅವನು ಹೇಳಿದ ಈ ಬುದ್ಧಿಯು ನಮ್ಮ ಒಳಗೆ ಕೇಳಿಬರುವ ಮಾತುಗಳಿಗೂ ಸಲ್ಲುತ್ತದೆ. ವೇದವನ್ನು ಓದಿದರೆ ನಮ್ಮ ಒಳಗಿನ ಹೋರಾಟಕ್ಕೆ ಮುಖ್ಯವಾಗಿ ನಾಲ್ಕು ಮೂಲಗಳು ಕಂಡುಬರುತ್ತವೆ. ಅವುಗಳನ್ನು ಒಂದೊಂದಾಗಿ ನೋಡೋಣ.

1. ನಮ್ಮ ಸ್ವಂತ ಆಶೆ

ಮೊದಲನೆಯ ಮೂಲವು ನಮ್ಮ ಮನೆಯೊಳಗೇ ಇದೆ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಪ್ರೇರಿಸುವವನಲ್ಲವೆಂದೂ ಪ್ರತಿಯೊಬ್ಬನು ತನ್ನ ಸ್ವಂತ ಆಶೆಯಿಂದಲೇ ಎಳೆಯಲ್ಪಡುತ್ತಾನೆಂದೂ ಯಾಕೋಬನು ಬರೆದನು. ಅಲ್ಲಿ ಅವನು ಉಪಯೋಗಿಸಿದ ಗ್ರೀಕ್ ಶಬ್ದವು ಎರೆಯನ್ನು ಒಡ್ಡಿ ಹಿಡಿಯುವದನ್ನು ಸೂಚಿಸುವ ಶಬ್ದವಾಗಿದೆ. ಗಾಳವು ಹೊರಗಿನದೇ ಸರಿ. ಆದರೆ ಎರೆಯನ್ನು ಕಂಡು ಬಾಯಿ ತೆರೆಯುವದು ಮೀನು ತಾನೇ ಅಲ್ಲವೇ?

ಹೊಲದ ಬದುವಿನ ವಿಷಯದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರುಷಗಳಾದವೆಂದು ಎಣಿಸಿರಿ. ಅಣ್ಣನು ಪ್ರಾರ್ಥನೆಗೆ ಮೊಣಕಾಲೂರಿದಾಗಲೆಲ್ಲಾ ತಮ್ಮನ ಮುಖವು ಕಣ್ಣೆದುರಿಗೆ ಬಂದು ಕೋಪವು ಏಳುತ್ತದೆ. ಪ್ರಾರ್ಥನೆಗೆ ಸೈತಾನನು ಅಡ್ಡಿಮಾಡುತ್ತಾನೆಂದು ಇವನು ಉಪದೇಶಿಯವರ ಮುಂದೆ ದುಃಖಪಡುತ್ತಾನೆ. ಸೈತಾನನನ್ನು ದೂರುವದು ಇಲ್ಲಿ ಎಷ್ಟು ಸುಲಭ! ಬದುವಿನ ಕಲ್ಲನ್ನು ಸರಿಯಾದ ಸ್ಥಳದಲ್ಲಿ ನಿಲ್ಲಿಸಿ ತಮ್ಮನ ಮನೆಯ ಬಾಗಲಿಗೆ ಹೋದರೆ ಆ ಅಡ್ಡಿಯಲ್ಲಿ ಹೆಚ್ಚಿನ ಪಾಲು ಅದೇ ದಿನ ತೀರುವದು. ಸಂತೆಯ ದಿನ ಹೆಂಡದಂಗಡಿಯ ದಾರಿಯನ್ನೇ ಆರಿಸಿ ನಡೆದವನು ಕೂಡಾ ಶೋಧಕನು ತನ್ನನ್ನು ತಳ್ಳಿದನೆಂದು ಹೇಳಬಾರದು. ಅವನ ಕಾಲುಗಳು ಅವನವೇ.

ಈ ಮೂಲದ ಗುರುತೇನಂದರೆ, ಆ ಯೋಚನೆಯು ನಮಗೆ ಒಳಗೊಳಗೆ ರುಚಿಸುತ್ತದೆ. ಅದನ್ನು ಹೊರಡಿಸಲು ಮನಸ್ಸಿಲ್ಲದೆ, ಅದು ಕುಳಿತುಕೊಳ್ಳಲಿ ಎಂದು ಚಾಪೆಯನ್ನು ಹಾಸುತ್ತೇವೆ. ಇದಕ್ಕೆ ಮದ್ದು ಪಶ್ಚಾತ್ತಾಪ ಮತ್ತು ವಿಧೇಯತ್ವ. ಆದರೂ ಕ್ರೈಸ್ತನಾದ ಮೇಲೆ ಇಂಥ ಆಶೆಯು ಏಳಲೇ ಬಾರದಾಗಿತ್ತೆಂದು ಯಾರೂ ಧೈರ್ಯಗೆಡಬಾರದು. ತಾನು ಮಾಡಬೇಕೆಂದಿರುವ ಒಳ್ಳೇದನ್ನು ಬಿಟ್ಟು ಬೇಡವಾದದ್ದನ್ನೇ ಮಾಡುತ್ತೇನೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ನರಳುತ್ತಾನೆ. ಸತ್ತ ದೇಹದಲ್ಲಿ ಹೋರಾಟವಿಲ್ಲ, ಜೀವವಿರುವಲ್ಲಿಯೇ ಹೋರಾಟ.

2. ದೇವರಾತ್ಮನ ಎಚ್ಚರಿಕೆ

ಎರಡನೆಯದಾಗಿ, ಸಂಕಟವು ದೇವರಿಂದಲೇ ಬರುವದುಂಟು. ದಾವೀದನು ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನು ಕೊಲ್ಲಿಸಿದ ಮೇಲೆ ಆ ಕಾರ್ಯವನ್ನು ಮುಚ್ಚಿಟ್ಟನು. ಮಗುವು ಹುಟ್ಟುವ ತನಕ ಅರಮನೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಆದರೆ ಪಾಪವನ್ನು ಅರಿಕೆಮಾಡದೆ ಸುಮ್ಮನಿರುವವನ ಎಲುಬುಗಳು ಸವೆಯುವವೆಂದೂ ಬೇಸಿಗೆಯಲ್ಲಿ ಹಸುರು ಒಣಗುವಂತೆ ಅವನ ಸಾರವು ಬತ್ತುವದೆಂದೂ ದಾವೀದನ ಹೆಸರಿನಲ್ಲಿರುವ ಮೂವತ್ತೆರಡನೆಯ ಕೀರ್ತನೆಯು ಸಾಕ್ಷಿಕೊಡುತ್ತದೆ. ಆ ಭಾರವು ಶತ್ರುವಿನ ಕೈಯಲ್ಲ, ತಂದೆಯ ಕೈ.

ಬಳಿಕ ಪ್ರವಾದಿಯಾದ ನಾತಾನನು ಬಂದದ್ದನ್ನು ಗಮನಿಸಿರಿ (2 ಸಮುವೇಲ 12). ಅವನು ಬಡವನ ಕುರಿಮರಿಯ ಸಾಮ್ಯವನ್ನು ಹೇಳಿ, ಆ ಅನ್ಯಾಯಗಾರನು ಅರಸನೇ ಎಂದು ಮುಖದೆದುರಿಗೆ ತಿಳಿಸಿದನು. ಯಾವ ಪಾಪ, ಯಾರಿಗೆ ವಿರೋಧವಾಗಿ ಎಂಬದೆಲ್ಲಾ ಸ್ಪಷ್ಟವಾಗಿತ್ತು. ದಾವೀದನು ಒಪ್ಪಿಕೊಂಡ ಗಳಿಗೆಯಲ್ಲಿಯೇ ಕ್ಷಮೆಯ ಮಾತೂ ಬಂತು. ಪಾಪದ ಫಲವಾದ ದುಃಖವನ್ನು ಅವನು ಅನುಭವಿಸಬೇಕಾಯಿತು. ಆದರೆ ಬಾಗಲು ಮುಚ್ಚಲಿಲ್ಲ.

ಇದರಿಂದ ದೇವರಾತ್ಮನ ಎಚ್ಚರಿಕೆಯ ಎರಡು ಗುರುತುಗಳನ್ನು ಕಲಿಯುತ್ತೇವೆ. ಒಂದು, ಅದು ಹೆಸರು ಹಿಡಿದು ಹೇಳುತ್ತದೆ: ಇಂಥ ಸುಳ್ಳು, ಇಂಥ ಸಾಲ, ಇಂಥ ವಿಧವೆಗೆ ಮಾಡಿದ ಮೋಸ. ಎರಡು, ಅದು ಹಿಂದಿರುಗುವ ದಾರಿಯನ್ನು ತೋರಿಸುತ್ತದೆ. ವೈದ್ಯನು ಹುಣ್ಣನ್ನು ಕೊಯ್ಯುವದು ವಾಸಿಮಾಡುವದಕ್ಕಾಗಿ. ಇಂಥ ನೋವು ಬಂದಾಗ ಅದನ್ನು ಮರೆಯಲು ಯತ್ನಿಸದೆ, ತಡಮಾಡದೆ ಅರಿಕೆಮಾಡಿ, ಕೊಡತಕ್ಕದ್ದನ್ನು ಕೊಟ್ಟುಬಿಡಬೇಕು.

3. ದೂರುವವನ ಮಾತು

ಮೂರನೆಯ ಮೂಲವು ಸೈತಾನನು. ಪ್ರಕಟನೆಯ ಹನ್ನೆರಡನೆಯ ಅಧ್ಯಾಯವು ಅವನಿಗೆ ಸಹೋದರರ ಮೇಲೆ ದೂರು ಹೊರಿಸುವವನೆಂಬ ಹೆಸರು ಕೊಡುತ್ತದೆ. ಇವನ ಕೆಲಸವನ್ನು ತಿಳಿಯುವದಕ್ಕೆ ಇಂಗ್ಲೆಂಡ್ ದೇಶದ ಜಾನ್ ಬನ್ಯನನ ಚರಿತ್ರೆಯು ಬಹಳ ಉಪಯೋಗವಾಗಿದೆ. ಯಾತ್ರಿಕನ ಸಂಚಾರ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿರುವ ಪುಸ್ತಕವನ್ನು ಬರೆದವನು ಇವನೇ.

ಬನ್ಯನನು 1628ರಲ್ಲಿ ಬೆಡ್‌ಫರ್ಡ್ ಪಟ್ಟಣದ ಹತ್ತಿರವಿರುವ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತೂತು ಬಿದ್ದ ಪಾತ್ರೆಗಳನ್ನು ಸರಿಮಾಡಿಕೊಡುವದು ಅವನ ಕಸುಬು, ವಿದ್ಯೆಯು ಸ್ವಲ್ಪ. ಒಂದು ದಿನ ಬೆಡ್‌ಫರ್ಡಿನಲ್ಲಿ ಕೆಲವು ಬಡ ಹೆಂಗಸರು ಬಾಗಲಲ್ಲಿ ಬಿಸಿಲಿಗೆ ಕುಳಿತು ದೇವರು ತಮ್ಮ ಹೃದಯಗಳಲ್ಲಿ ಮಾಡಿದ್ದನ್ನು ಕುರಿತು ಮಾತಾಡುವದನ್ನು ಅವನು ಕೇಳಿದನು. ಆ ಸಂತೋಷವು ತನ್ನಲ್ಲಿಲ್ಲವೆಂದು ಅವನಿಗೆ ತಿಳಿಯಿತು. ಅಲ್ಲಿಂದ ಅವನ ಹುಡುಕಾಟವು ಆರಂಭವಾಯಿತು.

ಕ್ರಿಸ್ತನಲ್ಲಿ ಸಮಾಧಾನವು ಸಿಕ್ಕಿತೆಂದು ಎಣಿಸಿದ ಮೇಲೆಯೇ ಅವನ ಅತಿ ಕಠಿಣವಾದ ಹೋರಾಟವು ಬಂತು. ಕ್ರಿಸ್ತನನ್ನು ಮಾರಿಬಿಡು ಎಂಬ ಒಂದೇ ಪ್ರೇರಣೆಯು ಸುಮಾರು ಒಂದು ವರುಷ ಅವನನ್ನು ಹಗಲಿರುಳು ಹಿಂಬಾಲಿಸಿತು. ಊಟಕ್ಕೆ ಕುಳಿತರೂ, ಕಟ್ಟಿಗೆಯನ್ನು ಸೀಳಿದರೂ, ನೆಲಕ್ಕೆ ಬಿದ್ದ ಸೂಜಿಯಂಥ ವಸ್ತುವನ್ನು ಎತ್ತಲು ಬಗ್ಗಿದರೂ ಅದೇ ಮಾತು. ಸಾವಿರ ಲೋಕಗಳನ್ನು ಕೊಟ್ಟರೂ ಮಾರೆನೆಂದು ಅವನು ಉತ್ತರಕೊಡುತ್ತಾ, ಎದುರಿಗೆ ಯಾರೋ ನಿಂತಿದ್ದಾರೆಂಬಂತೆ ಕೈಗಳಿಂದಲೂ ಮೊಣಕೈಗಳಿಂದಲೂ ತಳ್ಳುತ್ತಿದ್ದನು. ಕಡೆಗೆ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಬಿದ್ದಿರುವಾಗ ದಣಿದುಹೋಗಿ, ಆತನಿಗೆ ಮನಸ್ಸಿದ್ದರೆ ಹೋಗಲಿ ಎಂಬ ಯೋಚನೆಯು ಮನಸ್ಸಿನಲ್ಲಿ ಹಾದುಹೋಯಿತು. ಅಷ್ಟೇ. ಮರದಿಂದ ಬಾಣ ತಗಲಿ ಬಿದ್ದ ಹಕ್ಕಿಯ ಹಾಗೆ ಬಿದ್ದೆನೆಂದು ಅವನು ಹೇಳುತ್ತಾನೆ. ತಾನು ಏಸಾವನಂತೆ ಹಕ್ಕನ್ನು ಮಾರಿದವನು, ಇನ್ನು ಪಶ್ಚಾತ್ತಾಪಕ್ಕೆ ಸ್ಥಳವಿಲ್ಲವೆಂಬ ನಿರಾಶೆಯು ಸುಮಾರು ಎರಡು ವರುಷ ಅವನನ್ನು ಹಿಡಿದಿತ್ತು.

ಆ ಕಾಲದಲ್ಲಿ ಅವನು ಒಬ್ಬ ವೃದ್ಧ ಕ್ರೈಸ್ತನ ಬಳಿಗೆ ಹೋಗಿ, ತಾನು ಕ್ಷಮೆಯಿಲ್ಲದ ಪಾಪವನ್ನು ಮಾಡಿದೆನೆಂಬ ಭಯವನ್ನು ತಿಳಿಸಿದನು. ಆ ವೃದ್ಧನು ತನಗೂ ಹಾಗೆಯೇ ತೋರುತ್ತದೆಂದು ಹೇಳಿದನು! ಆತನು ಒಳ್ಳೆಯವನಾದರೂ ಇಂಥ ಯುದ್ಧದ ಪರಿಚಯವಿಲ್ಲದವನೆಂದು ಬನ್ಯನನು ಆಮೇಲೆ ಕಂಡುಕೊಂಡನು. ಸಭೆಯ ಹಿರಿಯರೇ, ಈ ಸಂಗತಿಯನ್ನು ನೆನಪಿನಲ್ಲಿಡಿರಿ. ಗಾಯಪಟ್ಟವನು ಬಾಗಲಿಗೆ ಬಂದಾಗ ನಮ್ಮ ಅವಸರದ ಒಂದು ಮಾತು ಶತ್ರುವಿನ ಕೈಗೆ ಕಲ್ಲು ಕೊಟ್ಟಂತಾದೀತು.

ಅವನು ಬಿಡುಗಡೆಯಾದದ್ದು ಹೇಗೆ? ಆ ಯೋಚನೆ ತನ್ನದೋ ಶೋಧಕನದೋ ಎಂದು ಹೃದಯವನ್ನು ಅಗೆದು ಅಗೆದು ಅವನಿಗೆ ನೆಮ್ಮದಿ ಸಿಗಲಿಲ್ಲ. ಒಂದು ದಿನ ಹೊಲದಲ್ಲಿ ನಡೆದುಹೋಗುತ್ತಿರುವಾಗ, ತನ್ನ ನೀತಿಯು ತನ್ನೊಳಗೆ ಇರದೆ ಪರಲೋಕದಲ್ಲಿ ದೇವರ ಬಲಗಡೆಯಲ್ಲಿರುವ ಕ್ರಿಸ್ತನೇ ಆಗಿದ್ದಾನೆಂಬ ತಿಳುವಳಿಕೆ ಅವನಿಗೆ ಉಂಟಾಯಿತು. ತನ್ನ ಮನಸ್ಸು ಚೆನ್ನಾಗಿರುವ ದಿನ ಆ ನೀತಿಯು ಹೆಚ್ಚುವದಿಲ್ಲ, ಕೆಟ್ಟಿರುವ ದಿನ ಕಡಿಮೆಯಾಗುವದೂ ಇಲ್ಲ ಎಂದು ಕಂಡಾಗ ಅವನ ಸಂಕೋಲೆಗಳು ಕಳಚಿದವು. 1660ರಲ್ಲಿ ಸುವಾರ್ತೆಯನ್ನು ಸಾರಿದ್ದಕ್ಕಾಗಿ ಸೆರೆಗೆ ಹಾಕಲ್ಪಟ್ಟು ಸುಮಾರು ಹನ್ನೆರಡು ವರುಷ ಅಲ್ಲಿದ್ದರೂ ಅವನು ಕದಲಲಿಲ್ಲ. ಸೆರೆಯಲ್ಲಿರುವಾಗ, 1666ರಲ್ಲಿ, ಈ ಹೋರಾಟದ ಕಥೆಯನ್ನು ಅಚ್ಚುಮಾಡಿಸಿದನು.

1678ರಲ್ಲಿ ಪ್ರಕಟವಾದ ಯಾತ್ರಿಕನ ಕಥೆಯಲ್ಲಿ ಅವನು ತನ್ನ ಅನುಭವವನ್ನು ಒಂದು ಚಿತ್ರವಾಗಿ ಇಟ್ಟಿದ್ದಾನೆ. ಯಾತ್ರಿಕನಾದ ಕ್ರೈಸ್ತನು ಮರಣಾಂಧಕಾರದ ಕಣಿವೆಯಲ್ಲಿ ನಡೆಯುವಾಗ ದುಷ್ಟನೊಬ್ಬನು ಮೆಲ್ಲಗೆ ಹಿಂದಿನಿಂದ ಬಂದು ಕಿವಿಯಲ್ಲಿ ದೇವದೂಷಣೆಯನ್ನು ಪಿಸುಗುಟ್ಟುತ್ತಾನೆ. ಯಾತ್ರಿಕನು ಅವು ತನ್ನ ಸ್ವಂತ ಮನಸ್ಸಿನಿಂದ ಹುಟ್ಟಿದ ಮಾತುಗಳೆಂದು ಎಣಿಸಿ, ಹಿಂದೆ ಪಟ್ಟ ಎಲ್ಲಾ ಕಷ್ಟಗಳಿಗಿಂತ ಹೆಚ್ಚಾಗಿ ಸಂಕಟಪಡುತ್ತಾನೆ. ಅವು ಎಲ್ಲಿಂದ ಬಂದವೆಂಬ ವಿವೇಚನೆ ಅವನಿಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಅದೇ ಕಣಿವೆಯಲ್ಲಿ ಮುಂದೆ ಹೋಗುತ್ತಿರುವ ಮತ್ತೊಬ್ಬ ದೇವಭಕ್ತನ ಸ್ವರವು ಕೇಳಿಸಿತು. ತಾನೊಬ್ಬನೇ ಅಲ್ಲವೆಂದು ತಿಳಿದು ಅವನಿಗೆ ಧೈರ್ಯ ಬಂತು.

ದೂರುವವನ ಗುರುತನ್ನು ಈಗ ತಿಳಿಯಬಹುದು. ಅವನು ಒಂದು ಪಾಪವನ್ನು ತೋರಿಸಿ ತಿದ್ದಿಕೋ ಎನ್ನುವದಿಲ್ಲ. ನೀನೇ ಕೆಟ್ಟವನು, ನಿನಗೆ ದೇವರಿಲ್ಲ ಎನ್ನುತ್ತಾನೆ. ಅರಿಕೆಮಾಡಿದ ಪಾಪವನ್ನೇ ಮತ್ತೆ ಮತ್ತೆ ಅಗೆದು ತರುತ್ತಾನೆ. ಪ್ರಾರ್ಥನೆಯಿಂದಲೂ ಸಭೆಯಿಂದಲೂ ಕರ್ತನ ಮೇಜಿನಿಂದಲೂ ದೂರ ಓಡಿಸುತ್ತಾನೆ. ಅವನೊಂದಿಗೆ ವಾದಿಸಿ ಗೆದ್ದವರಿಲ್ಲ. ಆತನನ್ನು ದೃಢವಾದ ನಂಬಿಕೆಯಿಂದ ಎದುರಿಸಬೇಕೆಂದೂ ಇಂಥ ಬಾಧೆಗಳು ಲೋಕದಲ್ಲಿರುವ ನಮ್ಮ ಸಹೋದರರಿಗೂ ಉಂಟೆಂದೂ ಪೇತ್ರನು ನೆನಪುಕೊಡುತ್ತಾನೆ (1 ಪೇತ್ರ 5:8-9).

ಇಲ್ಲಿ ಇನ್ನೊಂದು ಮಾತು. ಮಗುವಿಗೆ ಜ್ವರ ಬಂದಾಗ, ಎತ್ತು ಸತ್ತಾಗ, ಬಿಟ್ಟುಬಂದ ದೇವತೆಗಳ ಭಯವು ನಮ್ಮಲ್ಲಿ ಕೆಲವರಿಗೆ ಥಟ್ಟನೆ ಮರಳುತ್ತದೆ. ಇದಕ್ಕಾಗಿ ನೆರೆಯವರನ್ನು ಹೀಯಾಳಿಸುವದು ಬೇಡ, ನಿಮ್ಮನ್ನು ನೀವೇ ಅವಿಶ್ವಾಸಿಯೆಂದು ತಳ್ಳಿಬಿಡುವದೂ ಬೇಡ. ಅನೇಕ ವರುಷ ಒಂದೇ ದಾರಿಯಲ್ಲಿ ನಡೆದ ಗಾಡಿಯು ಹಳೆಯ ಜಾಡಿಗೆ ಇಳಿಯುವದು ಸಹಜ. ಎತ್ತನ್ನು ಹೊಡೆಯದೆ ಗಾಡಿಯನ್ನು ಮೇಲಕ್ಕೆ ತಿರುಗಿಸಿರಿ. ಪೂರ್ಣಪ್ರೀತಿಯು ಹೆದರಿಕೆಯನ್ನು ಹೊರಡಿಸುವದೆಂಬದನ್ನು ಯೋಹಾನನ ಪತ್ರಿಕೆಯಿಂದ ಓದಿ, ಮಗುವನ್ನು ವೈದ್ಯರ ಬಳಿಗೆ ಕೊಂಡುಹೋಗಿರಿ.

4. ಶರೀರದ ಬಲಹೀನತೆ

ನಾಲ್ಕನೆಯ ಮೂಲವನ್ನು ನಮ್ಮ ಸಭೆಗಳು ಬಹಳವಾಗಿ ಮರೆಯುತ್ತವೆ. ಪ್ರವಾದಿಯಾದ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯವನ್ನು ಕಂಡ ಮೇಲೆ, ಈಜೆಬೆಲಳ ಬೆದರಿಕೆಗೆ ಓಡಿ, ಬೇರ್ಷೆಬದಿಂದ ಅಡವಿಯೊಳಗೆ ಒಂದು ದಿನದ ಪ್ರಯಾಣ ಮಾಡಿ, ಗಿಡದ ಕೆಳಗೆ ಕುಳಿತು, ಬದುಕಿದ್ದು ಸಾಕೆಂದು ಮರಣವನ್ನು ಬೇಡಿದನು. ದೇವರು ಏನು ಮಾಡಿದನು? ಗದರಿಸಲಿಲ್ಲ, ಪಾಪವನ್ನು ಹುಡುಕಲಿಲ್ಲ. ಅವನನ್ನು ನಿದ್ರೆಮಾಡಗೊಟ್ಟನು. ದೂತನು ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಮತ್ತೆ ಮಲಗಿದನು, ಮತ್ತೆ ರೊಟ್ಟಿ ಬಂತು. ಹೋರೇಬಿನಲ್ಲಿ ಮೆಲ್ಲನೆಯ ಸ್ವರವು ಕೇಳಿಸಿದ್ದು ಇದಾದ ಮೇಲೆ. ತಾನೊಬ್ಬನೇ ಉಳಿದೆನೆಂಬ ಅವನ ತಪ್ಪು ಎಣಿಕೆಯನ್ನು, ಏಳು ಸಾವಿರ ಜನರಿದ್ದಾರೆಂದು ತಿದ್ದಿದ್ದೂ ಆಮೇಲೆಯೇ. ರೊಟ್ಟಿ ಮೊದಲು, ಉಪದೇಶ ನಂತರ.

ಶರೀರದ ರೋಗದಂತೆ ಮನಸ್ಸಿನ ರೋಗವೂ ಇದೆ. ಇಂಗ್ಲಿಷ್ ಸಭೆಗಳಿಗೆ ಅರುವತ್ತಕ್ಕಿಂತ ಹೆಚ್ಚು ಸಂಗೀತಗಳನ್ನು ಬರೆದುಕೊಟ್ಟ ವಿಲಿಯಂ ಕೂಪರನು (1731-1800) ದೇವಭಕ್ತನಾಗಿದ್ದರೂ, 1773ರಲ್ಲಿ ದೇವರು ತನ್ನನ್ನು ಸದಾಕಾಲಕ್ಕೂ ತಳ್ಳಿಬಿಟ್ಟನೆಂಬ ಭ್ರಮೆಗೆ ಒಳಗಾದನು. ಆ ಛಾಯೆಯು ಸಾಯುವ ತನಕ ಅವನನ್ನು ಪೂರ್ಣವಾಗಿ ಬಿಡಲಿಲ್ಲ. ಆದರೆ ಅವನ ಪಾದ್ರಿಯಾದ ಜಾನ್ ನ್ಯೂಟನನು ಅವನನ್ನು ಅವಿಶ್ವಾಸಿಯೆಂದು ಎಣಿಸದೆ, ಒಂದು ವರುಷಕ್ಕಿಂತ ಹೆಚ್ಚು ಕಾಲ ತನ್ನ ಮನೆಯಲ್ಲಿಯೇ ಇಟ್ಟುಕೊಂಡು ನೋಡಿಕೊಂಡನು. ಅವರಿಬ್ಬರ ಸಂಗೀತಗಳು 1779ರಲ್ಲಿ ಒಂದೇ ಪುಸ್ತಕವಾಗಿ ಹೊರಟವು. ಸಭೆಯೆಂದರೆ ಇಂಥದ್ದು.

ಇಂದಿನ ವೈದ್ಯರು ಈ ವಿಷಯದಲ್ಲಿ ಹೆಚ್ಚು ಬಲ್ಲವರಾಗಿದ್ದಾರೆ. ಹೆರಿಗೆಯ ತರುವಾಯ, ದೀರ್ಘ ಕಾಯಿಲೆಯ ತರುವಾಯ, ನಿದ್ರೆ ಕೆಟ್ಟಾಗ, ಕೆಲವು ಸಾರಿ ಕಾಣತಕ್ಕ ಕಾರಣವಿಲ್ಲದೆಯೂ ಖಿನ್ನತೆಯೆಂಬ ರೋಗವು ಬರುತ್ತದೆ. ಆಗ ತಾನು ಪಾಪಿ, ಯಾರಿಗೂ ಬೇಡವಾದವನು ಎಂಬ ಯೋಚನೆಯು ರೋಗದ ಲಕ್ಷಣವಾಗಿಯೇ ಏಳುತ್ತದೆ. ಗೀಳು ಎಂಬ ಇನ್ನೊಂದು ರೋಗದಲ್ಲಿ, ಮನುಷ್ಯನು ಯಾವದನ್ನು ಹೇಸುತ್ತಾನೋ ಅದೇ ಯೋಚನೆಯು, ದೇವದೂಷಣೆಯಾದರೂ ಸರಿ, ಬೇಡವೆಂದಷ್ಟೂ ನುಗ್ಗಿ ಬರುತ್ತದೆ. ಎರಡಕ್ಕೂ ಔಷಧವೂ ಚಿಕಿತ್ಸೆಯೂ ಇವೆ. 1980ರ ದಶಕದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಇದನ್ನು ಕಲಿಸಿಕೊಟ್ಟರು. ಆ ಪದ್ಧತಿಯು ಮುಂದೆ ದೇಶದ ಬೇರೆ ಜಿಲ್ಲೆಗಳಿಗೂ ಹರಡಿತು. 2022ರಿಂದ ಸರಕಾರವು ನಡಿಸುವ ಟೆಲಿ ಮಾನಸ್ ಎಂಬ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಣವಿಲ್ಲದೆ ಕನ್ನಡದಲ್ಲಿ ಮಾತಾಡಬಹುದು. ಸಾಯಬೇಕೆಂಬ ಯೋಚನೆ ಯಾರಿಗಾದರೂ ಬಂದರೆ ಒಂದು ದಿನವೂ ತಡಮಾಡಬಾರದು, ಅವರನ್ನು ಒಂಟಿಯಾಗಿ ಬಿಡಬಾರದು. ಔಷಧವನ್ನು ತೆಗೆದುಕೊಳ್ಳುವದು ಅವಿಶ್ವಾಸವಲ್ಲ. ದೂತನು ತಂದ ರೊಟ್ಟಿಯನ್ನು ಎಲೀಯನು ಬೇಡವೆನ್ನಲಿಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ರೋಗಿಯನ್ನು ಕಟ್ಟುವದೂ ಹೊಡೆಯುವದೂ ಉಪವಾಸ ಕೆಡವುವದೂ ಕ್ರಿಸ್ತನ ಹೆಸರಿಗೆ ಅಪಮಾನ.

ವಿವೇಚಿಸುವದು ಹೇಗೆ?

ಈ ನಾಲ್ಕು ಮೂಲಗಳು ಯಾವಾಗಲೂ ಬೇರೆ ಬೇರೆಯಾಗಿ ಬರುವದಿಲ್ಲ. ದಣಿದ ಶರೀರದಲ್ಲಿ ಶತ್ರುವಿನ ಮಾತು ಗಟ್ಟಿಯಾಗಿ ಕೇಳುತ್ತದೆ. ನಮ್ಮ ಕರ್ತನನ್ನು ಸೈತಾನನು ಶೋಧಿಸಿದ್ದೂ ಆತನು ನಾಲ್ವತ್ತು ದಿನಗಳ ಉಪವಾಸದಿಂದ ಹಸಿದಾಗಲೇ. ಆದಕಾರಣ ಹೋರಾಟವು ಬಂದಾಗ ಈ ನಾಲ್ಕು ಪ್ರಶ್ನೆಗಳನ್ನು ಸಾವಕಾಶವಾಗಿ ಕೇಳಿಕೊಳ್ಳಿರಿ.

ಮೊದಲನೆಯದು: ಈ ಯೋಚನೆಯು ನನಗೆ ರುಚಿಸುತ್ತದೋ, ಅಥವಾ ನಾನು ಅದನ್ನು ಹೇಸುತ್ತೇನೋ? ಎರಡನೆಯದು: ಅದು ತಿದ್ದಿಕೊಳ್ಳತಕ್ಕ ಒಂದು ಕಾರ್ಯವನ್ನು ಹೆಸರಿಸುತ್ತದೋ, ಅಥವಾ ನನ್ನನ್ನೇ ಸಂಪೂರ್ಣವಾಗಿ ತಳ್ಳಿಬಿಡುತ್ತದೋ? ಮೂರನೆಯದು: ನನ್ನ ನಿದ್ರೆ, ಊಟ, ಆರೋಗ್ಯ ಹೇಗಿವೆ? ನಾಲ್ಕನೆಯದು: ಇದನ್ನು ನಂಬಿದರೆ ನಾನು ಯಾರ ಕಡೆಗೆ ಹೋಗುವೆನು?

ಈ ನಾಲ್ಕನೆಯ ಪ್ರಶ್ನೆಯೇ ಎಲ್ಲವುಗಳಲ್ಲಿ ಮುಖ್ಯ. ಒಂದೇ ರಾತ್ರಿಯ ಸುತ್ತಿನಲ್ಲಿ ಪೇತ್ರನೂ ಯೂದನೂ ಕರ್ತನಿಗೆ ತಪ್ಪಿದರು, ಇಬ್ಬರೂ ದುಃಖಪಟ್ಟರು. ಯೂದನು ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಡಿದು ಮಹಾಯಾಜಕರ ಬಳಿಗೆ ಹೋದನು. ಅವರು ಅದು ತಮಗೆ ಸಂಬಂಧಪಟ್ಟದ್ದಲ್ಲವೆಂದು ಅವನನ್ನು ಕೈಬಿಟ್ಟರು. ಅವನು ಒಂಟಿಯಾಗಿ ಹೋದನು. ಪೇತ್ರನು ಬಹಳ ವ್ಯಥೆಪಟ್ಟು ಅತ್ತನು, ಆದರೆ ಸಹೋದರರನ್ನು ಬಿಟ್ಟುಹೋಗಲಿಲ್ಲ. ಕರ್ತನು ಎದ್ದ ದಿನ ಅವನು ಅವರೊಂದಿಗಿದ್ದನು. ದೇವರ ಚಿತ್ತಾನುಸಾರವಾದ ದುಃಖವು ರಕ್ಷಣೆಗೂ ಲೋಕದ ದುಃಖವು ಮರಣಕ್ಕೂ ನಡಿಸುವದೆಂದು ಪೌಲನು ಹೇಳುವದು ಇದನ್ನೇ (2 ಕೊರಿಂಥದವರಿಗೆ 7:10). ಮೂಲವನ್ನು ಗುರುತಿಸಲಾರದ ದಿನಗಳು ಬಂದಾವು. ಆಗಲೂ ದಾರಿಯು ಒಂದೇ: ಯೋಚನೆಯು ನನ್ನದಾಗಿದ್ದರೆ ಕ್ಷಮೆಗಾಗಿ ಕ್ರಿಸ್ತನ ಬಳಿಗೆ, ಶತ್ರುವಿನದಾಗಿದ್ದರೆ ಆಶ್ರಯಕ್ಕಾಗಿ ಕ್ರಿಸ್ತನ ಬಳಿಗೆ. ನಮ್ಮ ಹೃದಯವು ನಮ್ಮನ್ನು ಖಂಡಿಸಿದರೂ ದೇವರು ಆ ಹೃದಯಕ್ಕಿಂತ ದೊಡ್ಡವನೆಂದು ಯೋಹಾನನು ಆದರಿಸುತ್ತಾನೆ.

ಈಗ ಆ ಸಹೋದರಿಯ ಸಂಗತಿ. ಸ್ತ್ರೀಯರ ಕೂಟವನ್ನು ನಡಿಸುವ ಹಿರಿಯಳೊಬ್ಬಳು ಅವಳ ಮನೆಗೆ ಹೋಗಿ, ಮೊದಲು ಮಗುವನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡು, "ತಂಗೀ, ರಾತ್ರಿ ನಿದ್ದೆ ಬರುತ್ತದೆಯೇ?" ಎಂದು ಕೇಳಿದಳು. "ಮಗು ಹುಟ್ಟಿದಂದಿನಿಂದ ನೆಟ್ಟಗೆ ಇಲ್ಲ, ಅಕ್ಕಾ."

"ಆ ಕೆಟ್ಟ ಮಾತುಗಳು ಬಂದಾಗ ನಿನಗೆ ಸಂತೋಷವಾಗುತ್ತದೆಯೇ?"

"ಅಯ್ಯೋ ಅಕ್ಕಾ, ಅದಕ್ಕಿಂತ ನನ್ನ ನಾಲಿಗೆ ಬಿದ್ದುಹೋದರೆ ಚೆನ್ನಾಗಿತ್ತು."

"ಹಾಗಾದರೆ ಅವು ನಿನ್ನ ಮನೆಯ ಮಕ್ಕಳಲ್ಲ, ತಂಗೀ. ಬಾಗಲು ಬಡಿಯುವ ಹೊರಗಿನವರು. ಬಡಿಯಲಿ. ನೀನು ಎದ್ದುಹೋಗಿ ತೆರೆಯಬೇಕಾಗಿಲ್ಲ, ಕೂತು ಜಗಳವಾಡಬೇಕಾಗಿಯೂ ಇಲ್ಲ."

ಮರುದಿನ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ವೈದ್ಯರು ಹೆರಿಗೆಯ ತರುವಾಯ ಇಂಥದ್ದು ಉಂಟೆಂದು ಹೇಳಿ ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರು. ಮದ್ದನ್ನು ಕೆಲವು ತಿಂಗಳು ತೆಗೆದುಕೊಳ್ಳಬೇಕಾಯಿತು. ಆ ದಿನಗಳಲ್ಲಿ ಸಭೆಯ ಹೆಂಗಸರು ಸರದಿಯಾಗಿ ಬಂದು ರಾತ್ರಿ ಮಗುವನ್ನು ನೋಡಿಕೊಂಡರು. ಹಿರಿಯರಲ್ಲಿ ಬಚ್ಚಿಟ್ಟ ಪಾಪದ ಮಾತನ್ನಾಡಿದವರೂ ಬಂದು, "ನಾನು ತಿಳಿಯದೆ ಮಾತಾಡಿದೆನಮ್ಮಾ, ಮನ್ನಿಸು" ಎಂದರು. ಮುಂದಿನ ಕರ್ತನ ಭೋಜನದ ದಿನ ಅವಳು ಬಂದಳು. ಆ ಮಾತುಗಳು ಅಂದೂ ಬಾಗಲು ಬಡಿದವಂತೆ. ಆದರೂ ಅವಳು ಕೈ ಚಾಚಿ ರೊಟ್ಟಿಯನ್ನು ತೆಗೆದುಕೊಂಡಳು.

ಕೂಟದಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ದಾವೀದನ ಸಂಕಟಕ್ಕೂ ಎಲೀಯನ ಸಂಕಟಕ್ಕೂ ವ್ಯತ್ಯಾಸವೇನು? ದೇವರು ಇಬ್ಬರಿಗೂ ಒಂದೇ ಮದ್ದನ್ನು ಯಾಕೆ ಕೊಡಲಿಲ್ಲ?

2. ನನ್ನ ಸ್ವಂತ ತಪ್ಪನ್ನು ಸೈತಾನನ ತಲೆಗೆ ಕಟ್ಟಿದ ಸಂದರ್ಭ ಯಾವದಾದರೂ ಇದೆಯೋ? (ಇದಕ್ಕೆ ಗಟ್ಟಿಯಾಗಿ ಉತ್ತರಕೊಡಬೇಕಾಗಿಲ್ಲ, ಮನೆಗೆ ಹೋಗುವ ಮುಂಚೆ ಮಾಡತಕ್ಕ ಕಾರ್ಯವಿದ್ದರೆ ಮಾಡಿರಿ.)

3. ಬನ್ಯನನು ವೃದ್ಧ ಕ್ರೈಸ್ತನ ಬಳಿಗೆ ಬಂದಂತೆ ಒಬ್ಬನು ನಿಮ್ಮ ಬಳಿಗೆ ಬಂದರೆ ಮೊದಲು ಏನನ್ನು ಕೇಳುವಿರಿ?

4. ನಮ್ಮ ಸಭೆಯಲ್ಲಿ ಕೆಲವು ತಿಂಗಳುಗಳಿಂದ ಕರ್ತನ ಭೋಜನಕ್ಕೆ ಬಾರದವರು ಯಾರು? ಈ ವಾರ ಅವರ ಮನೆಗೆ ಹೋಗುವವರು ಯಾರು?